ಅಗತ್ಯ ನಿಂತಲ್ಲಿ ನಿಲ್ಲುವ ಭಾಷೆ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಭಾಷೆಗೂ ಸಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಊರಲ್ಲಿದ್ದರೆ ಊರ ನುಡಿ ತಾನಾಗಿ ಬಂದೀತು ಎಂಬುದು ಅವರ ಲೆಕ್ಕ. ಕೊಚ್ಚಿಯ ಪಕ್ಕದ ಏಲೂರ್ ಈ ನಂಬಿಕೆಯನ್ನು ಒರೆಗೆ ಹಚ್ಚಲು ಒಳ್ಳೆಯ ಜಾಗ. ಪೆರಿಯಾರ್ ನದಿಯ ನಡುವಿನ ಈ ಊರಿನಲ್ಲಿ 1947ರಲ್ಲಿ ಫ್ಯಾಕ್ಟ್ ಕಂಪನಿ ರಸಗೊಬ್ಬರ ತಯಾರಿಸತೊಡಗಿತು. ಮುಂದೆ ಕೈಗಾರಿಕೆಗಳ ಸಾಲೇ ಬೆಳೆಯಿತು. ಇಂದು ಈ ಭಾಗದಲ್ಲಿ ಬಂಗಾಳಿ, ಒಡಿಯಾ, ಅಸ್ಸಾಮಿ ಮಾತು ಹೊಸದಲ್ಲ. ತಿರುವನಂತಪುರದ ಗುಲಾಟಿ ಸಂಸ್ಥೆಯ 2013ರ ಅಧ್ಯಯನ ಕೇರಳದಲ್ಲಿರುವ ವಲಸೆ ಕಾರ್ಮಿಕರ ಸಂಖ್ಯೆಯನ್ನು ಸುಮಾರು 25 ಲಕ್ಷ ಎಂದು ಅಂದಾಜಿಸಿತ್ತು.

ಇಂಥ ಕಾರ್ಮಿಕನಿಗೆ ಮೊದಲು ಬರುವುದು ಬಿಡಿ ಬಿಡಿ ಮಾತು: ‘ಎತ್ರ?’ (ಎಷ್ಟು), ‘ಮತಿ’ (ಸಾಕು), ‘ವೇಂಡ’ (ಬೇಡ), ‘ಅರಿಯಿಲ್ಲ’ (ಗೊತ್ತಿಲ್ಲ). ವ್ಯಾಕರಣ ಬಿಡಿಸುವ ಗೋಜಿಗೆ ಹೋಗದೆ ಇಡಿಯ ಮಾತನ್ನೇ ಎತ್ತಿಕೊಂಡು, ಬೇಕಾದಲ್ಲಿ ಇಡುವುದು ಇಲ್ಲಿನ ತಂತ್ರ. ಸಂಕೋಚ ಇಟ್ಟುಕೊಂಡರೆ ಊಟ ಸಿಗದ ಕಡೆ ನಾಲಿಗೆ ಬೇಗ ಸಡಿಲವಾಗುತ್ತದೆ. ‘30 ದಿನಗಳಲ್ಲಿ ಮಲಯಾಳಂ’ ಬಗೆಯ ಪುಸ್ತಕಗಳಿಗಿಂತ ಚಹದಂಗಡಿ ಮೇಲು. ಮೂವತ್ತೊಂದನೆಯ ದಿನ ಯಾರೂ ಪರೀಕ್ಷೆ ನಡೆಸುವುದಿಲ್ಲವಾದ್ದರಿಂದ ಆ ಪುಸ್ತಕಗಳ ಮಾನ ಉಳಿದಿದೆ.

ಆದರೆ ಚಹದಂಗಡಿಯ ಪಾಠ ಚಹದ ಮಟ್ಟಕ್ಕೇ ನಿಂತುಬಿಡುತ್ತದೆ. ಹವಾಯಿಯಲ್ಲಿ ನೆಲೆಸಿದ್ದ ಜಪಾನಿ ಕಲಾವಿದನೊಬ್ಬನ ಇಂಗ್ಲಿಷನ್ನು ಭಾಷಾವಿಜ್ಞಾನಿ ರಿಚರ್ಡ್ ಶ್ಮಿಟ್ ವರ್ಷಗಟ್ಟಲೆ ಗಮನಿಸಿ 1983ರಲ್ಲಿ ಬರೆದರು. ಆತ ಯಾರೊಡನೆಯೂ ಲೀಲಾಜಾಲವಾಗಿ ಹರಟುತ್ತಿದ್ದ, ಆದರೆ ವ್ಯಾಕರಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕೆಲಸ ಸಾಗುತ್ತಿದ್ದ ಮೇಲೆ ತಿದ್ದಿಕೊಳ್ಳುವ ಜರೂರು ಅವನಿಗೇನಿತ್ತು? ಅಷ್ಟು ದೂರ ಹೋಗುವುದೂ ಬೇಡ. ಕಾಸರಗೋಡಿನಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬೆಳೆದವರು ಬೇಕಾದಷ್ಟಿದ್ದಾರೆ. ಆದರೂ ಅರ್ಜಿ ನಮೂನೆಗಳು ಕನ್ನಡದಲ್ಲಿ ಬೇಕೆಂಬುದು ಅಲ್ಲಿನ ಕನ್ನಡಿಗರ ಹಳೆಯ ಬೇಡಿಕೆ. ಆ ಬೇಡಿಕೆ ನ್ಯಾಯವಾದದ್ದು. ಬಸ್ಸಿನಲ್ಲಿ ಕಲಿತ ಭಾಷೆ ಕಚೇರಿಯ ಕಾಗದದ ಮುಂದೆ ಕೈಕೊಡುತ್ತದೆ ಎಂಬುದನ್ನೂ ಅದು ತೋರಿಸುತ್ತದೆ.

ಓದು, ಬರಹ, ನಿಖರತೆ ತಾವಾಗಿ ಬರುವುದಿಲ್ಲ, ಅವನ್ನು ಯಾರಾದರೂ ಕೂತು ಕಲಿಸಬೇಕು. ಕೇರಳ ರಾಜ್ಯ ಸಾಕ್ಷರತಾ ಮಿಷನ್ 2017ರಲ್ಲಿ ಪೆರುಂಬಾವೂರಿನಲ್ಲಿ ಆರಂಭಿಸಿದ ‘ಚಙ್ಙಾತಿ’ ಯೋಜನೆ ಇದನ್ನು ಅರಿತೇ ಹೊರಟಿತು. ವಲಸೆ ಕಾರ್ಮಿಕರಿಗಾಗಿ ಅದು ಸಿದ್ಧಪಡಿಸಿದ ಪಠ್ಯದ ಹೆಸರು ‘ಹಮಾರಿ ಮಲಯಾಳಂ’. ಹೆಸರಿನಲ್ಲೇ ಹಿಂದಿಯ ಕೈ ಹಿಡಿದು ಮಲಯಾಳಕ್ಕೆ ಬರುವ ಉಪಾಯವಿದೆ. ಅದೇ ವರ್ಷ ಎರ್ನಾಕುಲಂ ಜಿಲ್ಲೆಯಲ್ಲಿ ‘ರೋಶ್ನಿ’ ಶುರುವಾಯಿತು. ಅದರ ತವರು ಏಲೂರಿನ ಆಚೆ ದಡದ ಬಿನಾನಿಪುರಂ ಸರ್ಕಾರಿ ಶಾಲೆ. ವಲಸೆ ಮಕ್ಕಳಿಗೆ ಅವರವರ ಭಾಷೆ ಬಲ್ಲ ಸ್ವಯಂಸೇವಕರು ಶಾಲೆಯ ಗಂಟೆಗೆ ಮುಂಚೆ ಪಾಠ ಹೇಳುತ್ತಾರೆ. ಗೊತ್ತಿರುವ ಭಾಷೆಯಲ್ಲಿ ಆರಂಭಿಸಿ ಮೆಲ್ಲಗೆ ಮಲಯಾಳಕ್ಕೆ ದಾಟಿಸುವುದು ಕ್ರಮ. ತರಗತಿಯೊಳಗೆ ಮಾತೃಭಾಷೆ ಸುಳಿಯಬಾರದು ಎಂದು ದಂಡ ಹಾಕುವ ಶಾಲೆಗಳು ಈ ಕ್ರಮವನ್ನು ಒಮ್ಮೆ ನೋಡಿ ಬರಬೇಕು.

ಸೋದರ ಭಾಷೆಗಳ ನಡುವೆಯಂತೂ ತಾಯ್ನುಡಿಯೇ ಮೊದಲ ಪಠ್ಯಪುಸ್ತಕ. ಕನ್ನಡದ ಹಾಲು, ಹುಲಿ, ಹಲ್ಲು, ಹತ್ತು ಮಲಯಾಳದಲ್ಲಿ ಪಾಲ್, ಪುಲಿ, ಪಲ್ಲ್, ಪತ್ತ್. ಬೇರು, ಬಿಲ್ಲು, ಬಾಯಿ ಅಲ್ಲಿ ವೇರ್, ವಿಲ್ಲ್, ವಾಯ್. ಇಂಥ ಎರಡು ಸೂತ್ರ ಹಿಡಿದವನು ನೂರು ಪದ ಉರು ಹೊಡೆಯುವ ಕಷ್ಟ ತಪ್ಪಿಸಿಕೊಳ್ಳುತ್ತಾನೆ. ಕ್ರಿಯಾಪದದಲ್ಲೂ ಕನ್ನಡಿಗನಿಗೆ ಲಾಭವೇ: ಬಂದೆ, ಬಂದನು, ಬಂದಳು, ಬಂದರು ಎಲ್ಲಕ್ಕೂ ಮಲಯಾಳದಲ್ಲಿ ‘ವನ್ನು’ ಒಂದೇ ಸಾಕು. ಕನ್ನಡ ಕಲಿಯುವ ಮಲಯಾಳಿಗೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಅವರು ಲಿಂಗ, ವಚನ ತಪ್ಪಿದರೆ ನಗುವ ಮುನ್ನ ನಾವು ಇದನ್ನು ನೆನೆಯುವುದು ಒಳ್ಳೆಯದು.

ಕಲಿಯುವವನ ತಂತ್ರದ ಬಗ್ಗೆ ಪುಸ್ತಕಗಳು ಸಾಕಷ್ಟಿವೆ, ಕೇಳುವವನ ಪಾತ್ರದ ಬಗ್ಗೆ ಮಾತು ಕಡಿಮೆ. ಬೆಂಗಳೂರಿನಲ್ಲಿ ಹೊಸಬರು ಕನ್ನಡದಲ್ಲಿ ಒಂದು ವಾಕ್ಯ ತಡವರಿಸುವಷ್ಟರಲ್ಲಿ ನಾವೇ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಅದು ಸೌಜನ್ಯ ಎಂದುಕೊಂಡಿದ್ದೇವೆ. ಹಾಗೆ ಮಾಡಿ ಕಲಿಯುವ ಅಗತ್ಯವನ್ನೇ ಅವರ ಕೈಯಿಂದ ಕಸಿದುಕೊಳ್ಳುತ್ತೇವೆ, ಆಮೇಲೆ ಹತ್ತು ವರ್ಷವಾದರೂ ಕನ್ನಡ ಕಲಿತಿಲ್ಲವೆಂದು ದೂರುತ್ತೇವೆ. ಮುಂದಿನ ಸಲ ಯಾರಾದರೂ ಹಾಗೆ ತಡವರಿಸಿದರೆ ಓದುಗರು ಕನ್ನಡದಲ್ಲೇ ನಿಧಾನವಾಗಿ ಉತ್ತರಿಸಲಿ. ಅರ್ಥವಾಗದಿದ್ದರೆ ಇನ್ನೊಮ್ಮೆ, ಕನ್ನಡದಲ್ಲೇ ಹೇಳಲಿ.