ಸೂಜಿ ಚುಚ್ಚಿಸಿಕೊಂಡ ಮಗುವನ್ನೂ ಒಂದು ಮಾತು ಕೇಳಿ

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಹೊತ್ತಿಗೆ ಬಿಲ್ಲಿನ ಜೊತೆ ಒಂದು ಫೀಡ್‌ಬ್ಯಾಕ್ ಫಾರಂ ಕೂಡ ಕೈಗೆ ಬರುತ್ತದೆ. ಕೊಠಡಿ ಸ್ವಚ್ಛವಾಗಿತ್ತೇ, ಊಟ ಹೇಗಿತ್ತು, ನರ್ಸ್‌ಗಳು ಹೇಗೆ ನಡೆದುಕೊಂಡರು? ಮನೆ ಸೇರುವ ಅವಸರದಲ್ಲಿರುವ ಅಪ್ಪ ಎಲ್ಲದಕ್ಕೂ ‘ಉತ್ತಮ’ ಎಂದು ಟಿಕ್ ಹಾಕಿ ಕೊಡುತ್ತಾನೆ. ಕೈಗೆ ಕ್ಯಾನ್ಯುಲಾ ಹಾಕಿಸಿಕೊಂಡವಳು ಆರು ವರ್ಷದ ಮಗಳು. ಅವಳನ್ನು ಮಾತ್ರ ಯಾರೂ ಏನೂ ಕೇಳಿರುವುದಿಲ್ಲ.

ಇದು ಮುಂಬೈ, ಪುಣೆ, ದೆಹಲಿ ಎಂದಲ್ಲ, ದೇಶದ ಹೆಚ್ಚಿನ ಆಸ್ಪತ್ರೆಗಳ ಕತೆ. ರೋಗಿಯ ಅಭಿಪ್ರಾಯಕ್ಕೆ ಈಗ ಬೆಲೆ ಬಂದಿದೆ, ನಿಜ. ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆ ತಂದು ಎಸ್‌ಎಂಎಸ್, ಫೋನ್ ಮತ್ತು ಆ್ಯಪ್ ಮೂಲಕ ರೋಗಿಗಳ ಅಭಿಪ್ರಾಯ ಕೇಳತೊಡಗಿತು. 2021ರಲ್ಲಿ ಬಂದ ‘ಮುಸ್ಕಾನ್’ ಯೋಜನೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿನಿಂದ 12 ವರ್ಷದವರೆಗಿನ ಮಕ್ಕಳ ಸೇವೆ ಮಕ್ಕಳಸ್ನೇಹಿ ಆಗಬೇಕು ಎನ್ನುತ್ತದೆ. ಆದರೆ ಫೋನ್ ಇರುವುದು ದೊಡ್ಡವರ ಕೈಯಲ್ಲಿ. ಮಕ್ಕಳಸ್ನೇಹಿಯೋ ಅಲ್ಲವೋ ಎಂದು ಮಕ್ಕಳೇ ಹೇಳಬೇಕಲ್ಲವೇ?

ನೋವನ್ನು ಅಳೆಯುವುದನ್ನು ವೈದ್ಯಲೋಕ ಎಂದೋ ಕಲಿತಿದೆ. ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳಿರುವ ವಾಂಗ್-ಬೇಕರ್ ಚಿತ್ರಪಟ 1980ರ ದಶಕದಲ್ಲೇ ಅಮೆರಿಕದಲ್ಲಿ ತಯಾರಾಯಿತು. ಇಂದು ನಮ್ಮ ಮಕ್ಕಳ ವಾರ್ಡುಗಳ ಗೋಡೆಗಳಲ್ಲೂ ಅದು ಕಾಣಸಿಗುತ್ತದೆ. ನರ್ಸ್‌ನ ಸಹಾನುಭೂತಿಯ ಅಳತೆ ಮಾತ್ರ ಬಹುಕಾಲ ದೊಡ್ಡವರ ನಡುವೆಯೇ ಉಳಿಯಿತು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜೆಫರ್ಸನ್ ಮಾಪಕದಲ್ಲಿ 20 ಹೇಳಿಕೆಗಳಿವೆ. ಅವಕ್ಕೆ ಅಂಕ ಕೊಟ್ಟುಕೊಳ್ಳುವವರು ವೈದ್ಯರು ಅಥವಾ ನರ್ಸ್‌ಗಳೇ. ಅಡುಗೆ ಹೇಗಿದೆ ಎಂದು ಬಡಿಸಿದವರನ್ನೇ ಕೇಳಿದ ಹಾಗೆ.

ಸ್ಕಾಟ್‌ಲೆಂಡ್‌ನ ಸ್ಟೀವರ್ಟ್ ಮರ್ಸರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ಕೇರ್’ ಮಾಪಕ ಈ ದಿಕ್ಕನ್ನು ಬದಲಿಸಿತು. ಅದರಲ್ಲಿರುವುದು ಹತ್ತು ಪ್ರಶ್ನೆ, ಉತ್ತರಿಸುವುದು ರೋಗಿ. ಮುಂದೆ ಅಲ್ಲಿಯೇ ಮಕ್ಕಳಿಗಾಗಿ ಚಿತ್ರಗಳಿರುವ ರೂಪವೂ ಬಂತು. ಚಿಕ್ಕ ಮಕ್ಕಳಿಗೆ ಐದೇ ಪ್ರಶ್ನೆ. ಮಗುವೂ ಸಾಕ್ಷಿ ಹೇಳಬಲ್ಲದು ಎಂದು ಒಪ್ಪಿಕೊಂಡದ್ದು ಇದರ ದೊಡ್ಡಸ್ತಿಕೆ.

ಕೇಳುವುದು ಅಷ್ಟು ಸುಲಭವಲ್ಲ. ಐದಾರು ವರ್ಷದ ಮಕ್ಕಳು ಸಾಮಾನ್ಯವಾಗಿ ಎರಡು ತುದಿಯ ಉತ್ತರಗಳನ್ನೇ ಆರಿಸುತ್ತಾರೆ, ನಡುವಿನದು ಅವರಿಗೆ ಬೇಡ. ದೊಡ್ಡವರಿಗೆ ಯಾವುದು ಇಷ್ಟವೋ ಅದನ್ನು ಹೇಳುವ ಅಭ್ಯಾಸವೂ ಉಂಟು. ಚುಚ್ಚಿದ ಸಿಸ್ಟರೇ ಎದುರು ನಿಂತು ‘ನಾನು ಒಳ್ಳೆಯವಳಾ?’ ಎಂದರೆ ಮಗು ತಲೆಯಾಡಿಸದೆ ಇನ್ನೇನು ಮಾಡೀತು? ಹಾಗಾಗಿ ಬೇರೆಯವರು ಕೇಳಬೇಕು, ನೆನಪು ಹಸಿಯಾಗಿರುವಾಗಲೇ ಕೇಳಬೇಕು. ನೋವು ಬೇರೆ, ಸಹಾನುಭೂತಿ ಬೇರೆ ಎಂಬುದನ್ನೂ ಮರೆಯಬಾರದು. ಎಷ್ಟೇ ಅಕ್ಕರೆಯಿಂದ ರಕ್ತ ತೆಗೆದರೂ ಮಗು ಅಳಬಹುದು. ಸುಮ್ಮನಿದ್ದ ಮಗು ಹೆದರಿ ಮರಗಟ್ಟಿರಲೂಬಹುದು.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಶಾಲೆಯಲ್ಲಿ ಹಿಂದಿ, ಮರಾಠಿ, ತಮಿಳು ಪಟಪಟನೆ ಆಡುವ ನಮ್ಮ ಮಕ್ಕಳು ಸೂಜಿ ಕಂಡಾಗ ‘ಅಮ್ಮಾ, ಬೇಡಾ’ ಎನ್ನುವುದು ಮನೆಮಾತಿನಲ್ಲೇ. ಎದುರಿಗಿರುವ ನರ್ಸ್ ಕೇರಳದವರೋ ಮಣಿಪುರದವರೋ ಆಗಿರಬಹುದು. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರು. ಬೆಂಗಳೂರು, ಮಂಗಳೂರಿನಲ್ಲಿ ನರ್ಸಿಂಗ್ ಓದಿದವರಾದರೆ ‘ಸ್ವಲ್ಪ ತಡಿ ಪುಟ್ಟಾ’ ಎಂಬಷ್ಟು ಕನ್ನಡ ಬಂದೀತು, ಆ ಒಂದು ಮಾತಿಗೇ ಮಗುವಿನ ಮುಷ್ಟಿ ಸಡಿಲವಾದೀತು. ಪ್ರಶ್ನೆಪತ್ರವೂ ಹೀಗೆ ಮಗುವಿನ ಮಾತಿನಲ್ಲಿರಬೇಕು. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದರೆ ಕೆಲಸ ಕೆಡುತ್ತದೆ. ‘ಏನು ಮಾಡ್ತೀನಿ ಅಂತ ಸಿಸ್ಟರ್ ಮೊದಲೇ ಹೇಳಿದ್ರಾ? ನೀನು ಮಾತಾಡಿದಾಗ ಕೇಳಿಸಿಕೊಂಡ್ರಾ? ನಿಂಗೆ ಭಯ ಆಗಿದೆ ಅಂತ ಅವರಿಗೆ ಗೊತ್ತಾಯ್ತಾ?’ ಇಂಥ ಮೂರು ಪ್ರಶ್ನೆ ಸಾಕು, ಎಷ್ಟೋ ಸಂಗತಿ ಹೊರಬರುತ್ತದೆ.

ಬಂದ ಅಂಕವನ್ನು ಏನು ಮಾಡುತ್ತೇವೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದನ್ನು ನರ್ಸ್‌ಗಳ ಸಂಬಳ, ಬಡ್ತಿಗೆ ಗಂಟು ಹಾಕಿದರೆ ಅವರು ಮಕ್ಕಳ ವಾರ್ಡಿಗೇ ಬರಲು ಹಿಂಜರಿಯುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ವಾರ್ಡಿಗೆ ಹೋಗಿ ಬಂದವರಿಗೆಲ್ಲ ವಾಸ್ತವ ಗೊತ್ತು. ಚಿಕ್ಕ ಖಾಸಗಿ ಆಸ್ಪತ್ರೆಗಳಲ್ಲೂ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳ ಇರಬೇಕೆಂದು ಕೇಂದ್ರದ ಸಮಿತಿ 2016ರಲ್ಲೇ ಶಿಫಾರಸು ಮಾಡಿದೆ. ಮಗುವಿನ ಜೊತೆ ಎರಡು ನಿಮಿಷ ಮಾತಾಡಿ ಆಮೇಲೆ ಸೂಜಿ ಹಿಡಿಯಲು ಆ ಎರಡು ನಿಮಿಷ ಬೇಕಲ್ಲ. ಆದ್ದರಿಂದ ಮಕ್ಕಳು ಕೊಡುವ ಅಂಕ ವಾರ್ಡಿನದ್ದಾಗಲಿ, ಒಬ್ಬ ಸಿಸ್ಟರ್‌ನದ್ದಲ್ಲ. ರಾತ್ರಿ ಪಾಳಿಯಲ್ಲಿ ಅಂಕ ಬಿದ್ದರೆ, ಆ ಪಾಳಿಯಲ್ಲಿ ಎಷ್ಟು ಜನ ನರ್ಸ್‌ಗಳಿದ್ದರು ಎಂದು ಆಡಳಿತ ಮೊದಲು ನೋಡಲಿ.

ಹೀಗೆ ಅಳೆದರೆ ಏನನ್ನು ಸರಿಪಡಿಸಬಹುದು ಎಂಬುದೂ ತಿಳಿದ ವಿಷಯವೇ. ಲಸಿಕೆಯ ನೋವು ಕಡಿಮೆ ಮಾಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ: ಮಗುವನ್ನು ಪೋಷಕರು ಎತ್ತಿಕೊಂಡಿರಲಿ, ಹಸುಗೂಸಿಗೆ ಎದೆಹಾಲು ಕುಡಿಸುತ್ತಿರಲಿ, ಹೆಚ್ಚು ನೋಯುವ ಲಸಿಕೆ ಕೊನೆಗೆ ಇರಲಿ. ಇದಕ್ಕೆ ಯಂತ್ರ ಬೇಡ, ಬಜೆಟ್ಟೂ ಬೇಡ. ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು, ಅದಕ್ಕೆ ಬೇಕಿರುವುದು ಮುಂಚಿತ ಯೋಜನೆ ಅಷ್ಟೇ.

ನಮ್ಮ ಪಾಲಿನ ಕೆಲಸವೂ ಇದೆ. ‘ಊಟ ಮಾಡದಿದ್ದರೆ ಸೂಜಿ ಚುಚ್ಚಿಸ್ತೀನಿ’ ಎಂದು ಹೆದರಿಸಿ ಬೆಳೆಸಿದ ಮಗುವಿಗೆ ನರ್ಸ್ ಎಷ್ಟು ಒಳ್ಳೆಯವರಾದರೂ ರಾಕ್ಷಸಿಯಾಗಿಯೇ ಕಾಣುತ್ತಾಳೆ. ‘ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ’ ಎಂಬ ಸುಳ್ಳು ಮೊದಲ ಸಲಕ್ಕೆ ಮಾತ್ರ ನಡೆಯುತ್ತದೆ. ಸೂಜಿಯ ಭಯ ದೊಡ್ಡವರಾದ ಮೇಲೂ ಬಿಡದೆ, ರಕ್ತ ಪರೀಕ್ಷೆಯನ್ನೇ ಮುಂದೂಡುವವರು ನಮ್ಮ ನಡುವೆಯೇ ಇದ್ದಾರೆ.

ಇನ್ನೊಮ್ಮೆ ಫಾರಂ ಕೈಗೆ ಬಂದಾಗ ಪೆನ್ನು ತೆಗೆಯುವ ಮೊದಲು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಅದು ಹೇಳಿದ್ದನ್ನು, ಹೊಗಳಿಕೆಯಾದರೆ ಸಿಸ್ಟರ್‌ನ ಹೆಸರಿನ ಸಮೇತ, ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ. ಆಸ್ಪತ್ರೆಗಳು ಮಕ್ಕಳಿಗಾಗಿ ಬೇರೆ ಹಾಳೆ ಮಾಡುವವರೆಗೆ ಆ ಖಾಲಿ ಜಾಗ ಅವರದ್ದಾಗಲಿ.