ನೇಕಾರರ ಜಾಲತಾಣವೂ ನಾವೂ

ಕೈಕಸಬಿನವರು ಒಂದು ಜಾಲತಾಣವನ್ನು ತೆರೆದರೆ ಸಾಕು, ಗಿರಾಕಿಗಳು ತಾವಾಗಿಯೇ ಬರುವರೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಸತ್ಯ. ಅಂಗಡಿಯನ್ನು ತೆರೆದವನಿಗೆ ಅದರ ದಾರಿಯನ್ನು ತೋರಿಸುವವರೂ ಬೇಕಲ್ಲವೆ?

ಇಳಕಲ್ಲ ಸೀರೆಯನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಈ ಸೀರೆಗೆ ಮಹಾರಾಷ್ಟ್ರದಲ್ಲಿ ಬಹುಕಾಲದಿಂದಲೂ ಮನ್ನಣೆಯುಂಟು. ಆದರೆ ಮರಾಠಿಗರ ಬಾಯಲ್ಲಿ ಅದು 'ಇರಕಲ್'. ನೇಕಾರನು ತನ್ನ ತಾಣದಲ್ಲಿ 'ಇಳಕಲ್' ಎಂದಷ್ಟೇ ಬರೆದಿದ್ದರೆ, ದಾದರಿನ ಗೃಹಿಣಿಯೊಬ್ಬಳು 'ಇರಕಲ್' ಎಂದು ಹುಡುಕಿದಾಗ ಅದು ಅವಳ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಎರಡೂ ಒಂದೇ ಎಂದು ಯಂತ್ರವು ಊಹಿಸಿದರೂ ಊಹಿಸೀತು. ಆದರೆ ಊಹೆಯನ್ನು ನಂಬಿ ಸಂಸಾರ ನಡೆಯುವದಿಲ್ಲ.

ಗೂಗಲ್ ಮುಂತಾದ ಶೋಧಯಂತ್ರಗಳು ಜಾಲದ ಪುಟಗಳನ್ನು ಮೊದಲೇ ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ ದೊಡ್ಡದೊಂದು ಸೂಚಿಯನ್ನು ಇಟ್ಟುಕೊಂಡಿರುತ್ತವೆ. ನಾವು ಕೇಳಿದಾಗ ಅವು ನೋಡುವದು ಆ ಸೂಚಿಯನ್ನು. ಅದಕ್ಕೆ ಮುಖ್ಯ ಆಧಾರ ಶಬ್ದಗಳು. ನಮ್ಮ ಕುಶಲಕರ್ಮಿಗಳ ಎಷ್ಟೋ ತಾಣಗಳಲ್ಲಿ ಸುಂದರ ಚಿತ್ರಗಳಿರುತ್ತವೆ. ಅವುಗಳ ಕೆಳಗೆ ಒಂದು ಸಾಲಾದರೂ ಇರುವದಿಲ್ಲ. ಗೋಮಿ ದಡಿಯೋ ಚಿಕ್ಕಿ ಪರಾಸವೋ, ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಹೇಗೆ ಜೋಡಿಸಿದರು, ಮೇಲಿನ ಕಸೂತಿ ಗವಂತಿಯೋ ಮುರಗಿಯೋ – ಇವನ್ನೆಲ್ಲ ನೇಕಾರ ಮನೆತನದ ಹೆಣ್ಣುಮಕ್ಕಳು ನಿದ್ದೆಯಲ್ಲಿಯೂ ಹೇಳಬಲ್ಲರು. ಬರೆದಿಡುವವರು ಮಾತ್ರ ಇಲ್ಲ. ಅತ್ತ ಯಂತ್ರಮಗ್ಗದ ಅನುಕರಣೆಯನ್ನು ಮಾರುವವನು ಪುಟಗಟ್ಟಲೆ ಬರೆಯಿಸಿ ಮುಂದಿನ ಸಾಲಿನಲ್ಲಿ ಕುಳಿತುಬಿಡುವನು. ಇಳಕಲ್ಲ ಸೀರೆಯ ಹೆಸರು 1999ರ ಭೌಗೋಳಿಕ ಸೂಚಿಕೆಗಳ ಕಾನೂನಿನ ಮೇರೆಗೆ ನೋಂದಾಯಿತವಾಗಿದೆಯೆಂಬುದು ನಿಜ. ಆದರೆ ಆ ನೋಂದಣಿಯೊಂದರಿಂದಲೇ ಶೋಧಯಂತ್ರದಲ್ಲಿ ಮೇಲಿನ ಸ್ಥಾನ ದೊರೆಯುವದಿಲ್ಲ.

ಕನ್ನಡದಲ್ಲಿ ಬರೆದವರ ಗತಿಯೂ ಕೆಲವೊಮ್ಮೆ ಇದೇ. ಕನ್ನಡ ಲಿಪಿಯು 1991ರಲ್ಲಿಯೇ ಯೂನಿಕೋಡಿನಲ್ಲಿ ಸೇರಿತು. ಹಾಗಿದ್ದೂ ಹಳೆಯ ಪದ್ಧತಿಯ ಅಕ್ಷರಗಳಲ್ಲಿ ಬರೆದ ಪುಟಗಳು ಇನ್ನೂ ಉಂಟು. ನಮಗೆ ಕನ್ನಡವಾಗಿ ಕಾಣುವ ಆ ಸಾಲು ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಈ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡ ದಲಾಲರಿದ್ದಾರೆ. 'ಇಷ್ಟು ಸಾವಿರ ಕೊಡಿರಿ, ನಿಮ್ಮ ತಾಣವನ್ನು ಮೊದಲನೆಯ ಸ್ಥಾನಕ್ಕೆ ತರುವೆವು' ಎಂಬುದು ಅವರ ವಾಗ್ದಾನ. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಸಾರಿ ಹೇಳಿದೆ. ಹಣ ತೆತ್ತು ಪಡೆಯುವ ಜಾಹೀರಾತಿನ ಸ್ಥಾನ ಬೇರೆ. ಅದರ ಮೇಲೆ ಜಾಹೀರಾತೆಂಬ ಗುರುತೂ ಇರುತ್ತದೆ. ಪುಟವು ಸೂಚಿಯಲ್ಲಿ ಸೇರಿದೆಯೋ ಇಲ್ಲವೋ, ಜನ ಯಾವ ಶಬ್ದಗಳಿಂದ ಹುಡುಕಿ ಬಂದರು ಎಂಬುದನ್ನು ತಿಳಿಯಲು 'ಸರ್ಚ್ ಕನ್ಸೋಲ್' ಎಂಬ ಸಾಧನವನ್ನು ಅದು ಪುಕ್ಕಟೆಯಾಗಿಯೇ ಒದಗಿಸುತ್ತದೆ.

ಇದು ವಿದ್ಯಾರ್ಥಿಗಳ ಕೆಲಸವಲ್ಲ, ಅಭ್ಯಾಸಕ್ಕೆ ತೊಡಕು, ಎನ್ನುವ ಪಾಲಕರೂ ಇದ್ದಾರೆ. ಅವರ ಚಿಂತೆ ಸಹಜವಾದದ್ದೇ. ಆದರೆ ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ – ಇಷ್ಟನ್ನು ಬಲ್ಲ ಮಕ್ಕಳು ಊರಲ್ಲಿ ಎಷ್ಟು ಜನ ಸಿಕ್ಕಾರು? ಒಂದು ಸೀರೆಯ ವಿವರವನ್ನು ನಾಲ್ಕು ಭಾಷೆಗಳಲ್ಲಿ ಬರೆಯುವದು ನಿಬಂಧ ಬರೆಯುವದಕ್ಕಿಂತ ಕೀಳಾದ ಅಭ್ಯಾಸವೆಂದು ನಮಗೆ ತೋರುವದಿಲ್ಲ. ಬರೆಯುವಾಗ ಮಾತ್ರ ಇದ್ದುದನ್ನೇ ಬರೆಯಬೇಕು. ಯಂತ್ರಮಗ್ಗದ್ದನ್ನು ಕೈಮಗ್ಗದ್ದೆನ್ನಬಾರದು, ಕೃತಕ ರೇಶಿಮೆಯನ್ನು ರೇಶಿಮೆ ಎನ್ನಬಾರದು.

ಬೇಸಿಗೆಯ ಸೂಟಿಯಲ್ಲಿ ಊರಿಗೆ ಹೊರಡುವ ಮುನ್ನ, ನಿಮ್ಮ ಚಾಳಿನ ನೆರೆಯವರು ಆ ಸೀರೆಯನ್ನು ಯಾವ ಯಾವ ಹೆಸರಿನಿಂದ ಹುಡುಕುವರೆಂದು ಕೇಳಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ಇಳಕಲ್ಲದಲ್ಲಿ ಮಗ್ಗದ ಮುಂದೆ ಕುಳಿತವನಿಗೆ ಅದು ಬೇರಾವ ದಾರಿಯಿಂದಲೂ ಸುಲಭವಾಗಿ ತಿಳಿಯುವಂಥದಲ್ಲ.