ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ ಇದ್ದರೆ ಪೊಲೀಸ್ ಕೇಸ್ ಇದೆಯೆಂದು ಅರ್ಥವೇ? ಹಡಗಿನ ಕಾಲದಿಂದ ಬಂದ ನಿಯಮದ ಹಿನ್ನೆಲೆ

“ಅವನದು ಇಸಿಆರ್ ಪಾಸ್‌ಪೋರ್ಟ್ ಅಂತೆ, ಏನೋ ಕೇಸ್ ಇರಬೇಕು.” “ಇಸಿಆರ್ ಇದ್ದರೆ ತಲೆಬಿಸಿ ಬೇಡ, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸಕ್ಕೆ ಸೇರಿದರಾಯಿತು.” ಗಲ್ಫ್‌ಗೆ ಹೊರಡುವವರ ಸುತ್ತ ಇಂಥ ಮಾತುಗಳು ಸಾಮಾನ್ಯ. ಮೊದಲನೆಯದು ಸುಳ್ಳು, ಎರಡನೆಯದು ಅಪಾಯಕಾರಿ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣವಿರುವ ಪಡೀಲ್ ಇರಲಿ, ಸುತ್ತಮುತ್ತಲಿನ ಊರುಗಳಿರಲಿ, ಬಜ್ಪೆಯಿಂದ ಗಲ್ಫ್ ವಿಮಾನ ಹತ್ತುವವರು ಎಲ್ಲ ಕಡೆ ಇದ್ದಾರೆ. ಹಾಗಾಗಿ ಈ ಮೂರಕ್ಷರದ ಅರ್ಥವನ್ನೂ ಅದು ಎಲ್ಲಿಂದ ಬಂತು ಎಂಬುದನ್ನೂ ನೋಡೋಣ.

ಇಸಿಆರ್ ಎಂದರೇನು?

‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’ ಎಂಬುದರ ಚಿಕ್ಕ ರೂಪ ಇದು. ಹತ್ತನೇ ತರಗತಿ ಪಾಸಾದ ದಾಖಲೆ ಕೊಡದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ. ಇಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್, ಮಲೇಷ್ಯಾ ಸೇರಿದಂತೆ ಸರ್ಕಾರ ಪಟ್ಟಿ ಮಾಡಿರುವ ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಇದಕ್ಕೂ ಪೊಲೀಸ್ ಕೇಸಿಗೂ ಸಂಬಂಧವಿಲ್ಲ. ಅನುಮತಿ ನೀಡುವ ಅಧಿಕಾರಿಯ ಹುದ್ದೆಯ ಹೆಸರು ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’, ಅಂದರೆ ವಲಸಿಗರ ರಕ್ಷಕ. ಈ ಹೆಸರು 19ನೇ ಶತಮಾನದ್ದು.

ಕೂಲಿ ಹಡಗುಗಳ ಕಾಲ

ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದತಿ ಜಾರಿಗೆ ಬಂತು. ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಅದೇ ವರ್ಷ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಭಾರತದ ಕೂಲಿಗಳನ್ನು ಮಾರಿಷಸ್‌ಗೆ ತಲುಪಿಸಿತು. ಮುಂದಿನ ದಶಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಹಡಗು ಹತ್ತಿದರು. ಕರಾರಿಗೆ ಅವರು ಇಟ್ಟ ಹೆಸರು ‘ಗಿರ್ಮಿಟ್’. ಇದು ಹುಬ್ಬಳ್ಳಿಯ ಗಿರ್ಮಿಟ್ ಅಲ್ಲ, ‘ಅಗ್ರಿಮೆಂಟ್’ ಎಂಬ ಪದ ಜನರ ಬಾಯಲ್ಲಿ ಹಾಗಾಯಿತು. ಮದರಾಸಿನಿಂದ ಹೊರಟವರಲ್ಲಿ ತಮಿಳು, ತೆಲುಗು ಜನರೇ ಹೆಚ್ಚು, ಮೈಸೂರು ಸೀಮೆಯವರೂ ಇದ್ದರು.

ಮೋಸ ಹೇಳಿ ಕರೆದೊಯ್ಯುವುದು, ದಾರಿಯಲ್ಲೇ ಸಾಯುವುದು ಹೆಚ್ಚಿದಾಗ ಕಾನೂನುಗಳು ಬಂದವು. 1837ರ ಕಾಯ್ದೆಯ ಪ್ರಕಾರ, ಕೂಲಿ ಮತ್ತು ಏಜೆಂಟ್ ಇಬ್ಬರೂ ಸರ್ಕಾರಿ ಅಧಿಕಾರಿಯ ಮುಂದೆ ಹಾಜರಾಗಿ ಕರಾರಿನ ಷರತ್ತು ತೋರಿಸಬೇಕಿತ್ತು. ಇಂದಿನ ಇಸಿಆರ್ ತಪಾಸಣೆಯ ಬೇರು ಇದೇ. ಆದರೆ ಕಾಗದದ ಮೇಲಿನ ರಕ್ಷಣೆ ತೋಟದವರೆಗೆ ತಲುಪಲಿಲ್ಲ. ಮಾರಿಷಸ್‌ನಲ್ಲಿ 1860ರ ದಶಕದ ಹೊತ್ತಿಗೆ ಹಳೆಯ ಕೂಲಿಗಳೂ ಫೋಟೊ ಅಂಟಿಸಿದ ಪಾಸ್ ಇಟ್ಟುಕೊಂಡೇ ಓಡಾಡಬೇಕಾಯಿತು.

ಇಳಿಯುವ ಬಂದರಿನಲ್ಲಿ ನಡೆದದ್ದು

ಹೊರಡುವ ಕಡೆಯ ನಿಯಮ ಹೀಗಿದ್ದರೆ, ಇಳಿಯುವ ಕಡೆ ಬೇರೆಯದೇ ಲೆಕ್ಕ ನಡೆಯುತ್ತಿತ್ತು. ದಕ್ಷಿಣ ಆಫ್ರಿಕಾದ ನಟಾಲ್ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿನ ಡರ್ಬನ್ ಬಂದರಿಗೆ 1860ರ ನವೆಂಬರ್ 16ರಂದು ‘ಟ್ರೂರೊ’ ಹಡಗು ಮದರಾಸಿನಿಂದ ಮೊದಲ ಕೂಲಿಗಳನ್ನು ಕರೆತಂದಿತ್ತು. 1896ರ ಡಿಸೆಂಬರ್‌ನಲ್ಲಿ ‘ಕೋರ್ಲ್ಯಾಂಡ್’ ಮತ್ತು ‘ನಾದೇರಿ’ ಹಡಗುಗಳು ಅದೇ ಬಂದರಿಗೆ ಬಂದಾಗ ಅವುಗಳಲ್ಲಿ ಸುಮಾರು 800 ಪ್ರಯಾಣಿಕರಿದ್ದರು. ಗಾಂಧೀಜಿ ಮತ್ತು ಅವರ ಕುಟುಂಬದವರೂ ಅವರಲ್ಲಿದ್ದರು. ಬೊಂಬಾಯಿಯಲ್ಲಿ ಪ್ಲೇಗ್ ಇದೆಯೆಂಬ ಕಾರಣಕ್ಕೆ ಹಡಗುಗಳನ್ನು ಕ್ವಾರಂಟೈನ್‌ನಲ್ಲಿ ಇಟ್ಟರು. ಪ್ರಯಾಣಿಕರು ಇಳಿದದ್ದು 1897ರ ಜನವರಿ 13ರಂದು.

ಪ್ಲೇಗ್ ನಿಜವಾಗಿಯೂ ಇತ್ತು. ಆದರೆ ಹೊರಗೆ ಬಿಳಿಯರು ಸಭೆ ಸೇರಿ ‘ಇವರನ್ನು ವಾಪಸ್ ಕಳಿಸಿ’ ಎನ್ನುತ್ತಿದ್ದರು. ಅದೇ ವರ್ಷ ನಟಾಲ್ ಒಂದು ಕಾಯ್ದೆ ತಂದಿತು: ಯುರೋಪಿನ ಭಾಷೆಯೊಂದರಲ್ಲಿ ಅರ್ಜಿ ಬರೆಯಲು ಬಾರದವರಿಗೆ ಪ್ರವೇಶವಿಲ್ಲ. ಕಾಯ್ದೆಯಲ್ಲಿ ‘ಭಾರತೀಯ’ ಎಂಬ ಪದವಿರಲಿಲ್ಲ. ಕರಾರಿನ ಮೇಲೆ ಬರುವ ಕೂಲಿಗಳಿಗೆ ಈ ಷರತ್ತೂ ಇರಲಿಲ್ಲ! ಅಕ್ಷರ ಬಾರದಿದ್ದರೂ ಕೂಲಿ ಒಳಗೆ ಬರಬಹುದಿತ್ತು, ಸ್ವತಂತ್ರವಾಗಿ ಬದುಕಲು ಬಂದವರನ್ನು ತಡೆಯಲಾಗುತ್ತಿತ್ತು. ಆಸ್ಟ್ರೇಲಿಯಾ 1901ರಲ್ಲಿ ಇಂಥದ್ದೇ ಭಾಷಾ ಪರೀಕ್ಷೆಯನ್ನು ಜಾರಿಗೆ ತಂದಿತು.

ಹಳೆಯ ಕಾನೂನು ಇಂದಿನವರೆಗೆ

ಕೂಲಿ ಕರಾರಿನ ವಲಸೆ 1917ರಲ್ಲಿ ನಿಂತಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬಿಗಿಯಾದ ಪಾಸ್‌ಪೋರ್ಟ್ ನಿಯಮ 1920ರಲ್ಲಿ ಕಾಯ್ದೆಯಾಯಿತು. ಭಾರತದೊಳಗೆ ಬರುವವರಿಗೆ ಸಂಬಂಧಿಸಿದ ಆ ಕಾಯ್ದೆ ಬದಲಾದದ್ದು 2025ರ ಸೆಪ್ಟೆಂಬರ್ 1ರಂದು ಹೊಸ ಕಾಯ್ದೆ ಜಾರಿಯಾದಾಗ. ಕೆಲಸಕ್ಕೆ ಹೊರಹೋಗುವವರ ಕುರಿತ 1922ರ ಕಾಯ್ದೆಯ ಜಾಗಕ್ಕೆ 1983ರ ಎಮಿಗ್ರೇಷನ್ ಕಾಯ್ದೆ ಬಂತು. ಇಸಿಆರ್ ನಿಂತಿರುವುದು ಇದರ ಮೇಲೆ.

2018ರ ಜನವರಿಯಲ್ಲಿ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವುದಾಗಿ ಕೇಂದ್ರ ಸರ್ಕಾರ ಹೇಳಿತ್ತು. ಓದದವರನ್ನು ಬಣ್ಣದಿಂದಲೇ ಗುರುತಿಸಿದಂತಾಗುತ್ತದೆ ಎಂಬ ಟೀಕೆ ಬಂದ ಮೇಲೆ ಅದೇ ತಿಂಗಳು ಕೈಬಿಟ್ಟಿತು. ಓದಿದವರಿಗೆ ತಪಾಸಣೆಯೇ ಇಲ್ಲ ಎಂದೂ ಅಲ್ಲ. ಪಟ್ಟಿಯ ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ ಇಸಿಆರ್ ಇಲ್ಲದಿದ್ದರೂ 2015ರಿಂದ ಈ ಅನುಮತಿ ಕಡ್ಡಾಯ.

ಹಾಗಾದರೆ ಏನು ಮಾಡಬೇಕು?

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿದರೆ ತಪಾಸಣೆ ತಪ್ಪುತ್ತದೆ. ಜೊತೆಗೆ, ಸರ್ಕಾರದ ದಾಖಲೆಯಲ್ಲಿ ನಿಮ್ಮ ಕೆಲಸದ ಕರಾರು ಇರುವುದಿಲ್ಲ. ಅನುಮತಿಯೊಂದಿಗೆ ಬರುವ 10 ಲಕ್ಷ ರೂಪಾಯಿಯ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ವಿಮೆಯೂ ಇರುವುದಿಲ್ಲ. ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಕೇಳಲು ಕೈಯಲ್ಲಿ ಕಾಗದವಿಲ್ಲ. ಕೂಲಿ ಹಡಗು ಹತ್ತಿದವರಿಗೆ ಆದದ್ದೂ ಇದೇ.

ಹತ್ತನೇ ತರಗತಿ ಪಾಸಾಗಿದ್ದೂ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಇದ್ದರೆ, ಅಂಕಪಟ್ಟಿಯೊಂದಿಗೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಅದನ್ನು ತೆಗೆಸಬಹುದು. ಪಾಸಾಗಿಲ್ಲದಿದ್ದರೆ ನಾಚಿಕೆಪಡುವಂಥದ್ದು ಏನೂ ಇಲ್ಲ. ಏಜೆಂಟ್ ನೋಂದಣಿಯಾದವರೇ ಎಂದು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಿ. ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ.

‘ವಿಸಿಟ್ ವೀಸಾ ಸಾಕು’ ಎಂಬ ಮೆಸೇಜ್ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.